ಒಂಬತ್ತನೇ ಕ್ಲಾಸಿನಲ್ಲಿ ಎಣಿಸದವರು

ಮಂಡ್ಯದ ನಿವೃತ್ತ ಪಿ.ಟಿ. ಮೇಷ್ಟ್ರೊಬ್ಬರು ಬರೆದಿದ್ದಾರೆ:

“ನನ್ನ ತಂಗಿಯ ಮೊಮ್ಮಗ ಅಮೆರಿಕದ ನ್ಯೂಜೆರ್ಸಿಯಲ್ಲಿ ಹೈಸ್ಕೂಲು ಓದುತ್ತಾನೆ. ಆರಡಿ ಐದಿಂಚು ಎತ್ತರ. ಬ್ಯಾಸ್ಕೆಟ್‌ಬಾಲ್‌ನಲ್ಲಿ ಒಳ್ಳೆಯ ಹೆಸರು. ಕಳೆದ ವರ್ಷದಿಂದ ಒಂದು ಕಾಲೇಜಿನ ಕೋಚ್ ಮೇಲಿಂದ ಮೇಲೆ ಫೋನ್ ಮಾಡುತ್ತಿದ್ದರು. ಈಗ ಹನ್ನೊಂದನೇ ತರಗತಿ ಮುಗಿದಿದೆ. ಹತ್ತು ಕೋರ್ ಕೋರ್ಸ್ ಆಗಬೇಕಿತ್ತಂತೆ, ಇವನದು ಒಂಬತ್ತೇ ಆಗಿದೆಯಂತೆ. ಕೆಮಿಸ್ಟ್ರಿ ಕಷ್ಟ ಎಂದು ಬಿಟ್ಟಿದ್ದ. ಫೋನ್ ನಿಂತುಹೋಯಿತು. ಬುಟ್ಟಿಗೆ ಚೆಂಡು ಹಾಕುವವನಿಗೆ ಕೆಮಿಸ್ಟ್ರಿ ಯಾಕೆ ಸ್ವಾಮಿ? ದ್ರೋಣರು ಹೆಬ್ಬೆರಳು ಕೇಳಿದರು, ಇವರು ಕೆಮಿಸ್ಟ್ರಿ ಕೇಳುತ್ತಿದ್ದಾರೆ. ಆಟಗಾರರ ಪರವಾಗಿ ನೀವು ಬರೆಯಬೇಕು.”

ಬರೆಯುತ್ತೇನೆ ಮೇಷ್ಟ್ರೇ. ನೀವು ಕೇಳಿದ್ದಕ್ಕಿಂತ ಉದ್ದವೇ ಬರೆಯುತ್ತೇನೆ. ಓದಿದ ಮೇಲೆ ನಿಮಗೆ ಖುಷಿಯಾಗದೆ ಹೋಗಬಹುದು.

ಮೊದಲು ನಿಯಮ ಹೇಳಿಬಿಡೋಣ, ಪತ್ರದಲ್ಲಿ ಅರ್ಧವೇ ಇದೆ. ಅಮೆರಿಕದ ಕಾಲೇಜು ಕ್ರೀಡೆಗಳನ್ನು ನೋಡಿಕೊಳ್ಳುವ ಸಂಸ್ಥೆ ಎನ್‌ಸಿಎಎ. ಅದರಲ್ಲಿ ಮೇಲಿನ ದರ್ಜೆ ಡಿವಿಷನ್ ಒಂದು. ಅಲ್ಲಿ ಮೊದಲ ವರ್ಷವೇ ಅಂಕಣಕ್ಕೆ ಇಳಿಯಬೇಕಾದರೆ ಹೈಸ್ಕೂಲಿನ ನಾಲ್ಕು ವರ್ಷದಲ್ಲಿ 16 ಕೋರ್ ಕೋರ್ಸ್ ಮುಗಿಸಿರಬೇಕು. ಇಂಗ್ಲಿಷ್ ನಾಲ್ಕು, ಗಣಿತ ಮೂರು, ವಿಜ್ಞಾನ ಎರಡು, ಸಮಾಜ ಎರಡು. ಉಳಿದವನ್ನು ಇವುಗಳಲ್ಲೇ ಅಥವಾ ಬೇರೆ ಭಾಷೆಯಂಥ ವಿಷಯಗಳಲ್ಲಿ ತುಂಬಿಕೊಳ್ಳಬಹುದು. ಸರಾಸರಿ ನಾಲ್ಕಕ್ಕೆ 2.3 ಬಂದರೆ ಸಾಕು. ಅಂದರೆ ಸಿ ಗ್ರೇಡಿಗಿಂತ ಒಂದು ಕೂದಲೆಳೆ ಮೇಲೆ. ನಿಮ್ಮ ಹುಡುಗ ಸಿಕ್ಕಿಬಿದ್ದಿರುವುದು 2016ರಲ್ಲಿ ಸೇರಿದ ಷರತ್ತಿನಲ್ಲಿ. ಕೊನೆಯ ವರ್ಷ ಶುರುವಾಗುವ ಮುಂಚೆ ಹದಿನಾರರಲ್ಲಿ ಹತ್ತು ಮುಗಿದಿರಬೇಕು. ಆ ಹತ್ತರಲ್ಲಿ ಏಳು ಇಂಗ್ಲಿಷ್, ಗಣಿತ, ವಿಜ್ಞಾನದವೇ ಆಗಿರಬೇಕು.

ಇಂಥ ಷರತ್ತು ಯಾಕೆ ಬಂತು ಅಂದರೆ, ಕೊನೇ ಗಳಿಗೆಯಲ್ಲಿ ಮಾರ್ಕ್ಸ್ ಹುಟ್ಟಿಸುವ ಕಲೆ ಅಲ್ಲಿ ಬಹಳ ಬೆಳೆದಿತ್ತು. ಮಯಾಮಿಯಲ್ಲಿ ಒಂದು ಅಂಚೆ ಶಾಲೆ ಇತ್ತು. ಕ್ಲಾಸು ಇಲ್ಲ, ಪಾಠ ಮಾಡುವವರಿಲ್ಲ. ದುಡ್ಡು ಕಟ್ಟಿ ಪೊಟ್ಟಣ ತರಿಸಿಕೊಂಡರೆ ಕೆಲವೇ ವಾರದಲ್ಲಿ ಗ್ರೇಡು ಬದಲಾಗುತ್ತಿತ್ತು. 2005ರಲ್ಲಿ ನ್ಯೂಯಾರ್ಕ್ ಟೈಮ್ಸ್ ಅದನ್ನು ಬಯಲಿಗೆಳೆಯಿತು. ಅದರ ಹಿಂದೆಯೇ ಇನ್ನಷ್ಟು ಅಂಥ ಶಾಲೆಗಳು ಸಿಕ್ಕವು. ಅಲ್ಲಿಂದ ಬಂದ ಹುಡುಗರಿಗೆ ಸ್ಕಾಲರ್‌ಶಿಪ್ ಕೊಟ್ಟ ಕಾಲೇಜುಗಳೇನೂ ಸಣ್ಣವಲ್ಲ.

ನಿಮ್ಮ ಕಡೆಗೂ ಒಂದು ನ್ಯಾಯ ಇದೆ, ಅದನ್ನು ಹೇಳದೆ ಮುಂದೆ ಹೋಗಬಾರದು. 1986ರಲ್ಲಿ ಪ್ರಪೊಸಿಷನ್ 48 ಎಂಬ ನಿಯಮ ಜಾರಿಗೆ ಬಂದಾಗ ಕೋರ್ಸ್‌ಗಳ ಜೊತೆ ಕಾಲೇಜು ಪ್ರವೇಶದ ಎಸ್‌ಎಟಿ ಪರೀಕ್ಷೆಯಲ್ಲಿ 1600ಕ್ಕೆ 700 ಅಂಕ ಬೇಕು ಎಂದರು. ಆ ಪರೀಕ್ಷೆಗೆ ದುಡ್ಡು ಕೊಟ್ಟು ಕೋಚಿಂಗ್ ತೆಗೆದುಕೊಂಡವರು ಬೇರೆ, ತೂತು ಬಿದ್ದ ಶಾಲೆಯಿಂದ ಬಂದವರು ಬೇರೆ. ಹೊರಗುಳಿದವರಲ್ಲಿ ಕಪ್ಪು ಹುಡುಗರೇ ಜಾಸ್ತಿ. ಆ ನಿಯಮದ ಮುಂದಿನ ರೂಪವನ್ನು 1999ರಲ್ಲಿ ಫಿಲಡೆಲ್ಫಿಯಾದ ಫೆಡರಲ್ ನ್ಯಾಯಾಧೀಶರು ತಪ್ಪು ಎಂದರು. ವರ್ಷ ಕಳೆಯುವುದರೊಳಗೆ ಮೇಲಿನ ಕೋರ್ಟು ಆ ತೀರ್ಪನ್ನು ಬದಿಗಿಟ್ಟಿತು. ಎನ್‌ಸಿಎಎ ಸರ್ಕಾರದಿಂದ ನೇರವಾಗಿ ದುಡ್ಡು ಪಡೆಯುವುದಿಲ್ಲ, ಆದ್ದರಿಂದ ಸರ್ಕಾರದ ದುಡ್ಡು ಪಡೆಯುವವರು ಜನಾಂಗಭೇದ ಮಾಡಬಾರದು ಎಂಬ ಕಾನೂನು ಅದಕ್ಕೆ ತಾಗುವುದಿಲ್ಲ ಅಂತ. ಕೋವಿಡ್ ಬಂದಾಗ ಈ ಪರೀಕ್ಷೆಯ ಷರತ್ತನ್ನು ತಡೆಹಿಡಿದರು, 2023ರಲ್ಲಿ ಪೂರ್ತಿ ಕೈಬಿಟ್ಟರು. ಒಳ್ಳೆಯದೇ ಆಯಿತು.

ಇಷ್ಟಕ್ಕೆ ನಿಮ್ಮ ಪಾಲು ಮುಗಿಯಿತು. ಇನ್ನು ನನ್ನ ಮಾತು ಕೇಳಿ.

ಕೆವಿನ್ ರಾಸ್ ಎಂಬ ಹುಡುಗನ ಹೆಸರು ನೀವು ಕೇಳಿರಲಿಕ್ಕಿಲ್ಲ. ಕನ್ಸಾಸ್ ಸಿಟಿಯವನು, ಎತ್ತರದ ಆಳು. 1978ರಲ್ಲಿ ನೆಬ್ರಾಸ್ಕಾದ ಕ್ರೇಟನ್ ವಿಶ್ವವಿದ್ಯಾಲಯ ಅವನಿಗೆ ಬ್ಯಾಸ್ಕೆಟ್‌ಬಾಲ್ ಸ್ಕಾಲರ್‌ಶಿಪ್ ಕೊಟ್ಟಿತು. ಎಸ್‌ಎಟಿಯಂಥದ್ದೇ ಇನ್ನೊಂದು ಪ್ರವೇಶ ಪರೀಕ್ಷೆ ಎಸಿಟಿಯಲ್ಲಿ ಅವನಿಗೆ ಬಂದದ್ದು 36ಕ್ಕೆ 9. ಅಲ್ಲಿಯ ಉಳಿದ ವಿದ್ಯಾರ್ಥಿಗಳ ಸರಾಸರಿ 23ರ ಮೇಲೆ. ಇವನು ಅಲ್ಲಿ ಓದಲಾರ ಅಂತ ಆಫೀಸಿನಲ್ಲಿ ಕೂತವರಿಗೆ ಗೊತ್ತಿರಲಿಲ್ಲವೇ? ನಾಲ್ಕು ವರ್ಷ ಆಡಿಸಿದರು. ಬಂದೂಕು ಗುರಿ ಹೊಡೆಯುವುದು, ಬ್ಯಾಸ್ಕೆಟ್‌ಬಾಲ್ ಸಿದ್ಧಾಂತ, ಇಂಥ ಕೋರ್ಸ್‌ಗಳಿಗೆ ಸೇರಿಸಿ ಪಾಸು ಮಾಡಿಸಿದರು. 1982ರಲ್ಲಿ ಆಟ ಮುಗಿದಾಗ ಡಿಗ್ರಿಗೆ ಬೇಕಾದ 128 ಕ್ರೆಡಿಟ್‌ಗಳಲ್ಲಿ 96 ಮಾತ್ರ ಇದ್ದವು. ಭಾಷೆಯ ಮಟ್ಟ ನಾಲ್ಕನೇ ಕ್ಲಾಸು, ಓದುವ ಮಟ್ಟ ಏಳನೇ ಕ್ಲಾಸು. ಇದು ನಾನು ಹೇಳುವುದಲ್ಲ, ಕೋರ್ಟಿನ ದಾಖಲೆಯಲ್ಲಿದೆ.

ಆಮೇಲೆ ಅವನು ಶಿಕಾಗೋಗೆ ಹೋದ. ಅಲ್ಲಿ ಮಾರ್ವಾ ಕಾಲಿನ್ಸ್ ಎಂಬ ಹೆಂಗಸು ಒಂದು ಸಣ್ಣ ಶಾಲೆ ನಡೆಸುತ್ತಿದ್ದರು. ಕಾಲೇಜಿನ ಪರವಾಗಿ ನಾಲ್ಕು ವರ್ಷ ಆಡಿದ ಆಳು ಅಲ್ಲಿ ಪ್ರೈಮರಿ ಮಕ್ಕಳ ಜೊತೆ ಬೆಂಚಿನಲ್ಲಿ ಕೂತು ಓದಲು ಕಲಿತ. ಆ ವರ್ಷದ ಫೀಸು ಕ್ರೇಟನ್ನೇ ಕಟ್ಟಿತು ಎನ್ನುವುದನ್ನೂ ಹೇಳಬೇಕು. ಮುಂದೆ ಅವನು ಕೇಸು ಹಾಕಿದ. 1992ರಲ್ಲಿ ಮೇಲ್ಮನವಿ ಕೋರ್ಟು, ಸರಿಯಾಗಿ ಕಲಿಸಲಿಲ್ಲ ಎಂಬ ಕಾರಣಕ್ಕೆ ಪರಿಹಾರ ಕೊಡಲಾಗದು, ಆದರೆ ಕಲಿಸುತ್ತೇವೆಂದು ಒಪ್ಪಂದ ಮಾಡಿಕೊಂಡು ಅವಕಾಶವನ್ನೇ ಕೊಡದಿದ್ದರೆ ಅದನ್ನು ಪ್ರಶ್ನಿಸಬಹುದು ಎಂದಿತು. ಕೊನೆಗೆ ಮೂವತ್ತು ಸಾವಿರ ಡಾಲರಿಗೆ ರಾಜಿಯಾಯಿತು.

ಕೆಮಿಸ್ಟ್ರಿ ಯಾಕೆ ಸ್ವಾಮಿ ಎಂದು ನೀವು ಕೇಳಿದ್ದೀರಿ. ಕೆವಿನ್ ರಾಸ್‌ಗೆ ಯಾರೂ ಕೆಮಿಸ್ಟ್ರಿ ಕೇಳಲಿಲ್ಲ. ಎಲ್ಲರೂ ಬಹಳ ಒಳ್ಳೆಯವರಾಗಿದ್ದರು.

ನಮ್ಮ ಹೈಸ್ಕೂಲಿನಲ್ಲೂ ಒಬ್ಬನಿದ್ದ. ಖೋ-ಖೋದಲ್ಲಿ ಜಿಲ್ಲೆಗೇ ಮೊದಲು. ಪರೀಕ್ಷೆ ಬಂದರೆ ಮೇಷ್ಟ್ರುಗಳೇ ಅವನ ಪೇಪರಿನಲ್ಲಿ ಬರೆಯುತ್ತಿದ್ದರು. “ಪಾಪ, ಶಾಲೆಗೆ ಕಪ್ ತಂದುಕೊಟ್ಟಿದ್ದಾನೆ” ಅಂತ. ನನಗೆ ಆಗ ಹೊಟ್ಟೆಕಿಚ್ಚು. ವರ್ಷಗಳಾದ ಮೇಲೆ ಬ್ಯಾಂಕಿನಲ್ಲಿ ಸಿಕ್ಕ. ಕನ್ನಡಕ ಮರೆತು ಬಂದೆ, ಈ ಚಲನ್ ಸ್ವಲ್ಪ ತುಂಬಿಕೊಡು ಎಂದ. ಅವನು ಕನ್ನಡಕ ಹಾಕುವವನೇ ಅಲ್ಲ ಅಂತ ಆಮೇಲೆ ಅವನ ತಮ್ಮನಿಂದ ಗೊತ್ತಾಯಿತು.

ಅಮೆರಿಕದಲ್ಲಿ ಈ ಜಗಳ ಜೋರಾಗಿ ಆದದ್ದು 1989ರಲ್ಲಿ. ಅರ್ಹತೆ ಇಲ್ಲದ ಹುಡುಗರಿಗೆ ಮೊದಲ ವರ್ಷ ಸ್ಕಾಲರ್‌ಶಿಪ್ಪೂ ಬೇಡ ಎಂಬ ನಿಯಮ ತಂದರು. ಪ್ರಪೊಸಿಷನ್ 42. ಜಾರ್ಜ್‌ಟೌನ್ ಕಾಲೇಜಿನ ಕೋಚ್ ಜಾನ್ ಥಾಂಪ್ಸನ್ ಆ ವರ್ಷ ಜನವರಿ 14ರಂದು ಬಾಸ್ಟನ್ ಕಾಲೇಜ್ ವಿರುದ್ಧದ ಪಂದ್ಯ ಶುರುವಾಗುವ ಮುಂಚೆ ಅದನ್ನು ವಿರೋಧಿಸಿ ಅಂಕಣ ಬಿಟ್ಟು ಹೊರಗೆ ನಡೆದರು. ದೊಡ್ಡ ಆಳು, ಹೆಗಲ ಮೇಲೆ ಸದಾ ಬಿಳಿ ಟವೆಲ್. ದೇಶವೆಲ್ಲ ನೋಡಿತು. ಇನ್ನೊಂದು ಕಡೆ ಟೆನಿಸ್‌ನ ಆರ್ಥರ್ ಆಶ್. ಅವರೂ ಕಪ್ಪು ಜನರ ಹಕ್ಕಿಗೆ ಹೋರಾಡಿದವರೇ. ಅವರು ಪತ್ರಿಕೆಯಲ್ಲಿ ಬರೆದು ನಿಯಮವನ್ನು ಬೆಂಬಲಿಸಿದರು. ಆಟದ ಹುಡುಗರನ್ನು ಮುದ್ದು ಮಾಡಿ ಕೆಡಿಸುತ್ತಿದ್ದೇವೆ, ಕೇಳಿದರೆ ಓದಿಯೇ ಓದುತ್ತಾರೆ ಎಂಬುದು ಅವರ ವಾದ. ಆ ನಿಯಮವನ್ನು ಮುಂದಿನ ವರ್ಷವೇ ಸಡಿಲಿಸಬೇಕಾಯಿತು. ದುಡ್ಡಿಲ್ಲದವನ ಹೊಟ್ಟೆಗೆ ಹೊಡೆಯುವ ಆ ಒಂದು ಅಂಶದಲ್ಲಿ ಥಾಂಪ್ಸನ್ ಸರಿ. ಉಳಿದದ್ದರಲ್ಲಿ ನಾನು ಆಶ್ ಕಡೆ.

ತಮಾಷೆ ಅಂದರೆ ಥಾಂಪ್ಸನ್ ಕೂಡ ನಡೆದುಕೊಂಡಿದ್ದು ಆಶ್ ಹೇಳಿದ ಹಾಗೆಯೇ! 1972ರಲ್ಲಿ ಕೋಚ್ ಆದಾಗ ಜೊತೆಗೆ ಮೇರಿ ಫೆನ್ಲನ್ ಎಂಬ ಟೀಚರನ್ನು ಕರೆತಂದರು. ಹಿಂದೆ ಸನ್ಯಾಸಿನಿಯಾಗಿದ್ದವರು. ಹುಡುಗರ ಓದು ನೋಡಿಕೊಳ್ಳುವುದೇ ಅವರ ಕೆಲಸ. ಪಂದ್ಯದಲ್ಲಿ ಬೆಂಚಿನ ಮೇಲೆ ಕೋಚ್‌ಗಳ ಜೊತೆ ಅವರೂ ಕೂರುತ್ತಿದ್ದರು. ಥಾಂಪ್ಸನ್ ಕೈಕೆಳಗೆ ನಾಲ್ಕು ವರ್ಷ ಪೂರ್ತಿ ಆಡಿದ ಹುಡುಗರಲ್ಲಿ ನೂರಕ್ಕೆ 97 ಮಂದಿ ಡಿಗ್ರಿ ತೆಗೆದುಕೊಂಡರು. ಆಫೀಸಿನಲ್ಲಿ ಗಾಳಿ ಹೋದ ಒಂದು ಚೆಂಡು ಇಟ್ಟುಕೊಂಡಿದ್ದರಂತೆ. ಹುಡುಗರು ನೋಡಲಿ ಅಂತ.

ಒಂದು ವರ್ಷ ಕೂತು ಓದಿದರೆ ಆಟ ಹಾಳಾಗುತ್ತದೆ ಎನ್ನುವವರಿಗೆ ಮಿಷಿಗನ್ ವಿಶ್ವವಿದ್ಯಾಲಯದ ತಂಡದ ಕಥೆ ಹೇಳುತ್ತೇನೆ. ರುಮೀಲ್ ರಾಬಿನ್ಸನ್, ಟೆರಿ ಮಿಲ್ಸ್ ಇಬ್ಬರೂ ಪ್ರಪೊಸಿಷನ್ 48ರ ಹೊಡೆತಕ್ಕೆ ಸಿಕ್ಕವರು. ಮೊದಲ ವರ್ಷ ಪೂರ್ತಿ ಹೊರಗೆ. 1989ರ ಕಾಲೇಜು ಬ್ಯಾಸ್ಕೆಟ್‌ಬಾಲ್ ಫೈನಲ್‌ನಲ್ಲಿ ಸೀಟನ್ ಹಾಲ್ ವಿರುದ್ಧ ಹೆಚ್ಚುವರಿ ಸಮಯದ ಕೊನೆಯ ಮೂರು ಸೆಕೆಂಡು ಉಳಿದಾಗ ರಾಬಿನ್ಸನ್ ಎರಡು ಫ್ರೀ ಥ್ರೋ ಹಾಕಿದ. 80-79. ಮಿಷಿಗನ್ ಚಾಂಪಿಯನ್. ಮುಂದೆ ಬ್ಯಾಂಕ್ ವಂಚನೆಯಲ್ಲಿ ಅವನು ಜೈಲಿಗೆ ಹೋದದ್ದು ಬೇರೆ ಕಥೆ. ಅದಕ್ಕೆ ಕೆಮಿಸ್ಟ್ರಿಯಲ್ಲಿ ಔಷಧ ಇಲ್ಲ.

ನನಗೆ ನಿಜವಾಗಿ ಸಿಟ್ಟು ಬರುವುದು ಹುಡುಗರ ಮೇಲಲ್ಲ, ನಿಯಮದ ಮೇಲೂ ಅಲ್ಲ. ಬಾಗಿಲಲ್ಲಿ ಇಷ್ಟು ಬಿಗಿ ಮಾಡಿ ಒಳಗೆ ಏನು ಮಾಡುತ್ತಾರೆ ನೋಡಿ. ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದಲ್ಲಿ 1993ರಿಂದ 2011ರವರೆಗೆ ಒಂದು ವಿಭಾಗದಲ್ಲಿ ಕಾಗದದ ಮೇಲಷ್ಟೇ ಇದ್ದ ಕೋರ್ಸ್‌ಗಳು ನಡೆದವು. ಕ್ಲಾಸು ಸೇರುತ್ತಲೇ ಇರಲಿಲ್ಲ. ಕೊನೆಗೆ ಒಂದು ಪ್ರಬಂಧ ಕೊಟ್ಟರೆ ಆಯಿತು. ಎಷ್ಟೋ ಪ್ರಬಂಧಗಳಿಗೆ ಗ್ರೇಡು ಹಾಕುತ್ತಿದ್ದುದು ಪ್ರೊಫೆಸರ್ ಅಲ್ಲ, ಆಫೀಸಿನ ಸೆಕ್ರೆಟರಿ. 3,100 ವಿದ್ಯಾರ್ಥಿಗಳು, ಅದರಲ್ಲಿ ಸುಮಾರು ಅರ್ಧ ಆಟಗಾರರು. 2014ರ ತನಿಖಾ ವರದಿ ಇದನ್ನೆಲ್ಲ ಬಿಡಿಸಿ ಹೇಳಿತು. 2017ರಲ್ಲಿ ಎನ್‌ಸಿಎಎ ಏನೆಂದಿತು ಗೊತ್ತಾ? ಆ ಕೋರ್ಸ್‌ಗಳು ಆಟಗಾರರಿಗೆ ಮಾತ್ರವಲ್ಲ, ಎಲ್ಲರಿಗೂ ತೆರೆದಿದ್ದವು, ಆದ್ದರಿಂದ ನಮ್ಮ ನಿಯಮ ಮುರಿದಿದೆ ಎನ್ನಲಾಗದು! ಅದೇ ವರ್ಷ ಏಪ್ರಿಲ್‌ನಲ್ಲಿ ಬ್ಯಾಸ್ಕೆಟ್‌ಬಾಲ್ ಚಾಂಪಿಯನ್ ಆಗಿದ್ದೂ ಅದೇ ಕಾಲೇಜು. ಹದಿನೇಳರ ಹುಡುಗನಿಗೆ ಅರ್ಧ ಕೋರ್ಸ್ ಕಡಿಮೆಯಾದರೆ ಬಾಗಿಲು ಮುಚ್ಚುತ್ತಾರೆ. ಹದಿನೆಂಟು ವರ್ಷ ಸುಳ್ಳು ಕ್ಲಾಸು ನಡೆಸಿದವರಿಗೆ ಬಾಗಿಲೇ ಇಲ್ಲ.

ದುಡ್ಡಿನ ಲೆಕ್ಕ ಬೇಕಾ? ಮಾರ್ಚ್‌ ತಿಂಗಳ ಕಾಲೇಜು ಬ್ಯಾಸ್ಕೆಟ್‌ಬಾಲ್ ಪಂದ್ಯಾವಳಿಯನ್ನು ತೋರಿಸಲು 2010ರಲ್ಲಿ ಟಿವಿಯವರು 14 ವರ್ಷಕ್ಕೆ 10.8 ಬಿಲಿಯನ್ ಡಾಲರ್ ಒಪ್ಪಿಕೊಂಡರು. ಅಷ್ಟು ದುಡ್ಡು ಓಡಾಡುವ ಕಡೆ ಒಂಬತ್ತನೇ ಕ್ಲಾಸಿನ ಹುಡುಗನನ್ನು ಕೂರಿಸಿಕೊಂಡು “ನಿನ್ನ ಕೋರ್ ಕೋರ್ಸ್ ಎಷ್ಟಾಯಿತಪ್ಪಾ” ಎಂದು ಕೇಳುವವರು ಸಿಗುವುದಿಲ್ಲ.

ನಾವೇನು ಮೇಲು ಅಂದುಕೊಳ್ಳಬೇಡಿ. ನಮ್ಮಲ್ಲಿ ಆಟದ ಹುಡುಗ ಅಂದರೆ ಹಾಜರಿ ಕೇಳಬಾರದು. ಶಿಬಿರ ಇದೆ ಅಂದರೆ ಮುಗಿಯಿತು. ಸ್ಪೋರ್ಟ್ಸ್ ಕೋಟಾದಲ್ಲಿ ಸೀಟು ಸಿಕ್ಕಿದ ಮೇಲೆ ಅವನು ಪಾಠದಲ್ಲಿ ಎಲ್ಲಿದ್ದಾನೆ ಅಂತ ಯಾರೂ ವಿಚಾರಿಸುವುದಿಲ್ಲ. ಮಂಡಿ ಸರಿ ಇರುವವರೆಗೆ ಎಲ್ಲರಿಗೂ ಬೇಕಾದವನು. ಇತ್ತ ಓದುವ ಮಕ್ಕಳ ಪಿ.ಟಿ. ಪಿರಿಯಡ್ಡನ್ನು ಗಣಿತದವರು ನುಂಗುತ್ತಾರೆ. ಅತ್ತ ಆಡುವವನ ಗಣಿತವನ್ನು ನಿಮ್ಮವರು ನುಂಗುತ್ತಾರೆ. ಬೇಜಾರು ಮಾಡಿಕೊಳ್ಳಬೇಡಿ, ಈ ಮಾತು ನಿಮಗೂ ಸೇರಿಸಿಯೇ ಹೇಳಿದ್ದು. ಮೂವತ್ತು ವರ್ಷ ಮೈದಾನದಲ್ಲಿ ಸೀಟಿ ಊದಿದವರು ನೀವು. ನಿಮ್ಮ ಎಷ್ಟು ಹುಡುಗರ ಪ್ರೋಗ್ರೆಸ್ ಕಾರ್ಡ್ ತರಿಸಿ ನೋಡಿದ್ದೀರಿ?

ಪಂಜಾಬಿನ ಬಲ್ಲೋ ಕೆ ಹಳ್ಳಿಯ ಸತ್ನಾಮ್ ಸಿಂಗ್ ನೆನಪಿರಬೇಕು. ಏಳಡಿ ದಾಟಿದ ಹುಡುಗ. 2010ರಲ್ಲಿ ಹದಿನಾಲ್ಕನೇ ವಯಸ್ಸಿಗೆ ಫ್ಲಾರಿಡಾದ ಐಎಂಜಿ ಅಕಾಡೆಮಿಗೆ ಹೋದ. ಇಂಗ್ಲಿಷ್ ಬರುತ್ತಿರಲಿಲ್ಲ. ಐದು ವರ್ಷವಾದರೂ ಕಾಲೇಜಿಗೆ ಬೇಕಾದ ಅರ್ಹತೆ ಕೈಗೆ ಬರಲಿಲ್ಲ. ನೇರವಾಗಿ 2015ರ ಎನ್‌ಬಿಎ ಡ್ರಾಫ್ಟ್‌ಗೆ, ಅಂದರೆ ಅಲ್ಲಿಯ ವೃತ್ತಿಪರ ಲೀಗಿನ ತಂಡಗಳು ಹೊಸ ಆಟಗಾರರನ್ನು ಆರಿಸುವ ಸರದಿಗೆ, ಹೆಸರು ಕೊಟ್ಟ. ಡಲ್ಲಾಸ್ ತಂಡ 52ನೆಯವನಾಗಿ ಆರಿಸಿತು. ನಮ್ಮ ಪತ್ರಿಕೆಗಳು ಮುಖಪುಟ ಮಾಡಿದವು. ಎನ್‌ಬಿಎ ಲೀಗಿನ ಒಂದು ಪಂದ್ಯವನ್ನೂ ಅವನು ಆಡಲಿಲ್ಲ. ನಾಲ್ಕು ವರ್ಷ ಕಾಲೇಜಿನಲ್ಲಿ ಪಳಗಿದ್ದರೆ ಅನ್ನಿಸುತ್ತದೆ, ಅಲ್ವಾ? ಆ ಬಾಗಿಲನ್ನು ದಾಟಿದವರೂ ಇದ್ದಾರೆ. ನಮ್ಮ ಬೆಂಗಳೂರಿನ ಸಂಜನಾ ರಮೇಶ್ ಸ್ಕಾಲರ್‌ಶಿಪ್ ಪಡೆದು ಅರಿಜೋನಾದ ಫ್ಲ್ಯಾಗ್‌ಸ್ಟಾಫ್‌ನಲ್ಲಿರುವ ನಾರ್ದರ್ನ್ ಅರಿಜೋನಾ ವಿಶ್ವವಿದ್ಯಾಲಯದಲ್ಲಿ ಡಿವಿಷನ್ ಒಂದರಲ್ಲೇ ಆಡಿದರು. ಅದಕ್ಕೆ ಯಾರೂ ಮುಖಪುಟ ಕೊಡಲಿಲ್ಲ.

ದ್ರೋಣರ ಮಾತು ಎತ್ತಿದಿರಿ. ಆ ಕಥೆಯನ್ನು ಇನ್ನೊಮ್ಮೆ ಓದಿ ಮೇಷ್ಟ್ರೇ. ಏಕಲವ್ಯನಿಗೆ ದ್ರೋಣರು ಒಂದು ದಿನವೂ ಕಲಿಸಿರಲಿಲ್ಲ. ಕಲಿಸದೆಯೇ ದಕ್ಷಿಣೆ ಕೇಳಿದರು. ಕೆಮಿಸ್ಟ್ರಿ ಕೇಳುವವರನ್ನು ಅವರ ಜಾಗದಲ್ಲಿ ಕೂರಿಸಬೇಡಿ. ಕಷ್ಟ ಅಂದ ಕೂಡಲೇ “ಬಿಟ್ಟುಬಿಡು, ನಿನಗೆ ಆಟ ಇದೆ” ಎಂದವರು ಆ ಶಾಲೆಯಲ್ಲಿ ಯಾರಾದರೂ ಇದ್ದರೆ ಅವರನ್ನು ಕೂರಿಸಿ.

ಈಗ ಕೆಲಸದ ಮಾತು. ಹುಡುಗನ ದಾರಿ ಮುಚ್ಚಿಲ್ಲ. ಹತ್ತು ಮುಗಿಯಬೇಕಾದದ್ದು ಏಳನೇ ಸೆಮಿಸ್ಟರ್, ಅಂದರೆ ಕೊನೆಯ ವರ್ಷ, ಶುರುವಾಗುವ ಮುಂಚೆ. ಅಂದರೆ ಈ ಬೇಸಿಗೆ ರಜೆ ಅವನ ಕೈಯಲ್ಲೇ ಇದೆ. ಸಮ್ಮರ್ ಸ್ಕೂಲಿನಲ್ಲಿ ಒಂದು ಕೋರ್ಸ್ ಮುಗಿಸಿದರೆ ಲೆಕ್ಕ ಸರಿಯಾಗುತ್ತದೆ. ಆದರೆ ಕಳೆದ ಒಂಬತ್ತರಲ್ಲಿ ಇಂಗ್ಲಿಷ್, ಗಣಿತ, ವಿಜ್ಞಾನ ಎಷ್ಟಿವೆ ಎಂದು ಮೊದಲು ಎಣಿಸಲಿ. ಆರೇ ಇದ್ದರೆ ಹತ್ತನೆಯದು ಈ ಮೂರರಲ್ಲಿ ಒಂದೇ ಆಗಬೇಕು, ಕೆಮಿಸ್ಟ್ರಿಯೇ ಆದರೂ ಸರಿ. ಕೋರ್ಸ್ ಎನ್‌ಸಿಎಎ ಒಪ್ಪಿದ ಪಟ್ಟಿಯಲ್ಲಿದೆಯೇ ನೋಡಿಕೊಳ್ಳಲಿ. ಟೀಚರ್ ಜೊತೆ ಮಾತುಕತೆ ಇಲ್ಲದ ಆನ್‌ಲೈನ್ ಪೊಟ್ಟಣ ನಡೆಯುವುದಿಲ್ಲ. ಆ ಏಳರ ಗ್ರೇಡು ಆಮೇಲೆ ಏರಿಸಲು ಬರುವುದಿಲ್ಲ, ಆದ್ದರಿಂದ ಸುಮ್ನೆ ಪಾಸಾದರೆ ಸಾಲದು.

ಅದೂ ಆಗದೆ ಹೋದರೆ ಇನ್ನೊಂದು ದಾರಿ ಇದೆ. ಹದಿನಾರು ಕೋರ್ಸ್ ಮುಗಿಸಿ ಸರಾಸರಿ 2.0 ಇದ್ದರೆ ‘ಅಕಾಡೆಮಿಕ್ ರೆಡ್‌ಶರ್ಟ್’ ಆಗಿ ಸೇರಿಸಿಕೊಳ್ಳುತ್ತಾರೆ. ಸ್ಕಾಲರ್‌ಶಿಪ್ ಸಿಗಬಹುದು, ತಂಡದ ಜೊತೆ ಅಭ್ಯಾಸವೂ ಮಾಡಬಹುದು. ಮೊದಲ ವರ್ಷ ಪಂದ್ಯ ಆಡುವಂತಿಲ್ಲ, ಅಷ್ಟೆ. ಕೋಚ್ ಫೋನ್ ಮಾಡದಿದ್ದರೆ ಹುಡುಗನೇ ಮಾಡಿ ಇದನ್ನು ಕೇಳಲಿ.

ಕೆಮಿಸ್ಟ್ರಿಯಲ್ಲಿ ಎಲ್ಲಿ ಸಿಕ್ಕಿಹಾಕಿಕೊಂಡ ಅಂತ ನೀವೂ ಒಮ್ಮೆ ವಿಚಾರಿಸಿ. ಮೋಲ್ ಲೆಕ್ಕವಾದರೆ ನಮ್ಮ ಪಿಯುಸಿ ಪುಸ್ತಕವೇ ಸಾಕು. ವಿಡಿಯೋ ಕಾಲ್‌ನಲ್ಲಿ ಹೇಳಿಕೊಡುವವರು ಮಂಡ್ಯದಲ್ಲೇ ಸಿಗುತ್ತಾರೆ.