ರಿಪೋರ್ಟ್ ನಾರ್ಮಲ್, ಮೈನೋವು ಮಾತ್ರ ಹೋಗ್ತಿಲ್ಲ

(ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.)

ಆಕೆಗೆ 41 ವರ್ಷ. ಗಾರ್ಮೆಂಟ್ಸ್‌ನಲ್ಲಿ ಟೈಲರ್. "ಯಾರೋ ಹಿಡಿದು ಬಡಿದ ಹಾಗಿರುತ್ತೆ ಮೇಡಂ, ಬೆಳಿಗ್ಗೆ ಏಳೋದೇ ಬೇಡ ಅನ್ಸುತ್ತೆ" ಎಂದರು. ಕುತ್ತಿಗೆ, ಭುಜ, ಸೊಂಟ, ಮೀನಖಂಡ ಎಂದು ಬೆರಳಿಟ್ಟು ತೋರಿಸುತ್ತಾ ಹೋದರು. ತುರುಬು ಕಟ್ಟಲು ಕೈ ಎತ್ತಿದರೆ ಅರ್ಧಕ್ಕೇ ನಿಲ್ಲುತ್ತಿತ್ತು. ಎಕ್ಸ್‌ರೇ, ರಕ್ತಪರೀಕ್ಷೆ ಆಗಿ 'ಏನೂ ಇಲ್ಲ' ಎನ್ನಿಸಿಕೊಂಡಿದ್ದರು. ಮನೆಯಲ್ಲಿ 'ಸುಮ್ನೆ ನೆಪ' ಅನ್ನೋ ಮಾತು ಶುರುವಾಗಿತ್ತು. ಟೆನ್ಷನ್ ಇರಬೇಕು ಅಂತ ಯಾರೋ ಕೌನ್ಸೆಲಿಂಗ್ ಮಾಡುವ ನನ್ನ ಹತ್ತಿರ ಕಳಿಸಿದ್ದರು.

ಟೆನ್ಷನ್ ಇದ್ದೀತು. ಆದರೂ ನಾನು ಮೊದಲು ಕೇಳಿದ್ದು ಮೈಯ ಬಗ್ಗೆಯೇ. ಜ್ವರ ಬರುತ್ತಾ? ತೂಕ ಇಳಿದಿದೆಯಾ? ಕೀಲು ಊದಿಕೊಂಡು ಬೆಳಿಗ್ಗೆ ತುಂಬಾ ಹೊತ್ತು ಬಿಗಿದಿರುತ್ತಾ? ಹಾಗಿದ್ದರೆ ಅದು ಸಂಧಿವಾತ ಇರಬಹುದು. ಚಿಕೂನ್‌ಗುನ್ಯಾ ಬಂದಿತ್ತಾ? ಜ್ವರ ಬಿಟ್ಟ ಮೇಲೂ ಅದರ ನೋವು ತಿಂಗಳುಗಟ್ಟಲೆ ಕಾಡುವುದುಂಟು. ಕೊಲೆಸ್ಟ್ರಾಲ್‌ಗೆ ಕೊಡುವ ಸ್ಟ್ಯಾಟಿನ್ ಮಾತ್ರೆಯಿಂದಲೂ ಕೆಲವರಿಗೆ ಸ್ನಾಯು ನೋಯುತ್ತದೆ. ಇವೆಲ್ಲ ಇಲ್ಲ ಎಂದರು. ಆದರೆ ಮುಟ್ಟಿನಲ್ಲಿ ಸ್ರಾವ ಜಾಸ್ತಿ, ಕೂದಲು ಉದುರುತ್ತಿದೆ, ಎಲ್ಲರೂ ಸೆಕೆ ಅಂದಾಗ ತನಗೆ ಚಳಿ. ಥೈರಾಯ್ಡ್ ಕಡಿಮೆಯಾದರೆ ಹೀಗಾಗುವುದುಂಟು. ಹಳೇ ರಿಪೋರ್ಟ್ ತೆಗೆದು ನೋಡಿದರೆ ಥೈರಾಯ್ಡ್ ಪರೀಕ್ಷೆಯೇ ಆಗಿರಲಿಲ್ಲ! ಟಿಎಸ್‌ಎಚ್ (ಥೈರಾಯ್ಡ್‌ನ ರಕ್ತಪರೀಕ್ಷೆ), ಹಿಮೋಗ್ಲೋಬಿನ್, ಶುಗರ್, ಬಿ12, ವಿಟಮಿನ್ ಡಿ ನೋಡಬೇಕೇ ಎಂದು ಕೇಳಿ ಡಾಕ್ಟರಿಗೆ ಚೀಟಿ ಬರೆದುಕೊಟ್ಟೆ.

ಪರ್ಸಿನಲ್ಲಿ ನೋವಿನ ಮಾತ್ರೆಯ ಸ್ಟ್ರಿಪ್ ಇತ್ತು, ಹತ್ತರಲ್ಲಿ ಎರಡು ಉಳಿದಿದ್ದವು. ಮೆಡಿಕಲ್ ಶಾಪಿನಲ್ಲಿ ಕೇಳಿ ತಂದದ್ದು. ದಿನಾ ಎರಡು, ಎಷ್ಟೋ ಸಲ ಖಾಲಿ ಹೊಟ್ಟೆಗೆ. ಡೈಕ್ಲೋಫೆನಾಕ್‌ನಂಥ ಮಾತ್ರೆಗಳನ್ನು ಹೀಗೆ ನುಂಗುತ್ತಾ ಹೋದರೆ ಹೊಟ್ಟೆಯಲ್ಲಿ ಹುಣ್ಣಾಗಬಹುದು, ಕಿಡ್ನಿಗೂ ಪೆಟ್ಟು. ಇದನ್ನೂ ಡಾಕ್ಟರಿಗೆ ಮುಚ್ಚಿಡದೆ ಹೇಳಿ ಎಂದೆ.

ಥೈರಾಯ್ಡ್ ಕಡಿಮೆ ಇತ್ತು, ರಕ್ತವೂ ಕಡಿಮೆ. ಔಷಧಿ ಶುರುವಾಯಿತು. ಆದರೆ ಥೈರಾಯ್ಡ್ ಮಾತ್ರೆ, ಕಬ್ಬಿಣದ ಮಾತ್ರೆ ಎರಡನ್ನೂ ಬೆಳಿಗ್ಗೆ ಒಟ್ಟಿಗೇ ನುಂಗುತ್ತಿದ್ದರು. ಹಾಗೆ ಮಾಡಿದರೆ ಥೈರಾಯ್ಡ್ ಮಾತ್ರೆ ಮೈಗೆ ಸರಿಯಾಗಿ ಹತ್ತುವುದಿಲ್ಲ, ನಾಲ್ಕು ಗಂಟೆಯ ಅಂತರ ಬೇಕು. ಇದನ್ನು ಯಾರೂ ಹೇಳಿರಲಿಲ್ಲ.

ಕೆಲವು ತಿಂಗಳಲ್ಲಿ ನೋವು ಅರ್ಧ ಇಳಿಯಿತು. ಉಳಿದರ್ಧದ ಕಥೆ ಬೇರೆ. ರಾತ್ರಿ ಮೂರಕ್ಕೆ ಎಚ್ಚರ, ಆಮೇಲೆ ನಿದ್ದೆಯಿಲ್ಲ. ಊಟ ರುಚಿಸದು. ಅಕ್ಕ ತೀರಿಕೊಂಡು ವರ್ಷವಾಗಿತ್ತು. "ಮೂರನೇ ದಿನಕ್ಕೇ ಡ್ಯೂಟಿಗೆ ಹೋದೆ ಮೇಡಂ, ಅಳೋಕೂ ಟೈಮ್ ಸಿಗ್ಲಿಲ್ಲ" ಎಂದು ಆವತ್ತು ತುಂಬಾ ಅತ್ತರು. ಖಿನ್ನತೆ ಎಷ್ಟೋ ಜನರಲ್ಲಿ ಮೈನೋವಾಗಿಯೇ ಕಾಣಿಸಿಕೊಳ್ಳುತ್ತದೆ. ಮನೋವೈದ್ಯರಿಗೆ ತೋರಿಸಿದೆವು. ಗಂಡನನ್ನೂ ಕರೆಸಿ ಕೂರಿಸಿಕೊಂಡು ಹೇಳಿದೆ: ಈ ನೋವು ನಿಜ, ನೆಪ ಅಂತ ಇನ್ನೊಂದು ಸಲ ಅನ್ನಬೇಡಿ, ಬೆಳಗಿನ ನೀರು ಹೊರೋದು ನಿಮ್ಮ ಕೆಲಸ.

ಆಕೆಗೆ ಕೊಟ್ಟ ಸಲಹೆ ಸರಳ. ದಿನಾ ಹತ್ತು ನಿಮಿಷ ನಡೆಯಿರಿ, ಮೆಲ್ಲಗೆ ಹೆಚ್ಚಿಸಿ. ನೋವು ಅಂತ ಇಡೀ ಭಾನುವಾರ ಮಲಗಬೇಡಿ. ಯಾವಾಗ ಜಾಸ್ತಿಯಾಯಿತು, ಆವತ್ತು ಏನಾಗಿತ್ತು ಅಂತ ಬರೆದಿಡಿ. ತೀರಾ ಸಂಕಟವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ಇಂಥದೇ ನೋವಿರುವವರಿಗೂ ಒಂದು ಮಾತು. ಎರಡು ವಾರ ದಾಟಿದರೆ ಡಾಕ್ಟರಿಗೆ ತೋರಿಸಿ. ಕೈಕಾಲು ಬಲ ಕಳೆದುಕೊಂಡರೆ, ಮಲಮೂತ್ರದ ಹಿಡಿತ ತಪ್ಪಿದರೆ, ಎದೆನೋವು ಬಂದರೆ, ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದರೆ, ಬದುಕೇ ಬೇಡ ಅನ್ನಿಸಿದರೆ ಅದೇ ದಿನ ಆಸ್ಪತ್ರೆಗೆ ಹೋಗಿ.