ತೊಗರಿ ಹೊಲದ ಹಂದಿ, ಹಳೇ .375, ಹೊಸ .315: ಯಾವ ರೈಫಲ್ ತಗೋಬೇಕು ಅಂತ ಕೇಳಿದವ್ರಿಗೆ

ಅಣ್ಣಾರ, ನೀವು ಕೇಳಿದ್ದು ಹಿಂಗದ: ತಂದೆಯವರ ರೈಫಲ್ ಲೈಸನ್ಸ್ ನಿಮ್ಮ ಹೆಸರಿಗೆ ಆಗ್ಯದ. ಚಿಂಚೋಳಿ ಕಡಿ ತೊಗರಿ ಹೊಲಕ್ಕ ರಾತ್ರಿ ಹಂದಿ ಹಿಂಡು ಬೀಳ್ತದ. ಹೈದರಾಬಾದಿನ ಅಂಗಡ್ಯಾಗ ಹಳೇ .375 ಬೋಲ್ಟ್ ರೈಫಲ್ (ಬೋಲ್ಟ್ ಅನ್ನೋ ದಾಂಡಿ ಕೈಯಿಂದ ಜಗ್ಗಿ ಕಾರ್ತೂಸ್ ತುಂಬೋದು) ಒಂದು, .423 ಅನ್ನೋದು ಒಂದು ಮಾರಾಟಕ್ಕ ಅವ, ಹೊಸ .315 ಸಿಗ್ತದ; ಈ ಅಂಕಿ ಅಂದ್ರ ಗುಂಡಿನ ಅಂದಾಜು ದಪ್ಪ, ಇಂಚಿನ ಲೆಕ್ಕದಾಗ. ಯಾವುದು ತಗೋಬೇಕು? ನಿಮ್ಮ ಪ್ರಶ್ನಿ ಕೆಳಗ ಮೂರ್ನಾಲ್ಕು ಮಂದಿ "ದೊಡ್ಡದೇ ತಗೋರಿ, ಒಂದೇ ಗುಂಡಿಗೆ ಮುಗೀತದ" ಅಂದಾರ. ಆ ಮಾತು ನಾ ಒಪ್ಪಂಗಿಲ್ಲ. ಯಾಕ ಅನ್ನೋದು ಸ್ವಲ್ಪ ಉದ್ದ ಆಗ್ತದ, ಸಾವಕಾಶ ಓದ್ರಿ.

ಮೊದಲು ಹಂದಿ ಮಾತು. ಹಂದಿ ಸಲುವಾಗಿ ಅಂತಾದ್ರ ಮೂರೂ ಬ್ಯಾಡ. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಮಿನಾಗ ಬೆಳಿ ಕಾಯಲಿಕ್ಕ ಅಂತ ಹೇಳಿದ್ದು ಮೂತಿಯಿಂದ ಮದ್ದು ತುಂಬೋ ಬಂದೂಕು. ಅದು ಸಾಲಂಗಿಲ್ಲ ಅಂತ ಲೈಸನ್ಸ್ ಕೊಡೋ ಅಧಿಕಾರಿಗೆ ಮನವರಿಕಿ ಆದ್ರ ಬ್ಯಾರೆ ಯಾವುದರ ನುಣುಪು ನಳಿಕಿ ಬಂದೂಕು, ಅಂದ್ರ 12 ಬೋರಿನಂಥಾದ್ದು, ಕೊಡಬಹುದು. ನಳಿಕಿ ಒಳಗ ಸುರುಳಿ ಗೆರಿ ಇರೋ ರೈಫಲಿಗೆ ಅಲ್ಲಿ ಜಾಗ ಇಲ್ಲ. ಇನ್ನೊಂದು, ಲೈಸನ್ಸ್ ಅಂದ್ರ ಬಂದೂಕು ಇಟ್ಕೊಳ್ಳೋ ಪರವಾನಗಿ. ಪ್ರಾಣಿ ಹೊಡಿಯೋ ಪರವಾನಗಿ ಬ್ಯಾರೆನೇ ಅದ. 1972ರ ವನ್ಯಜೀವಿ ಕಾಯ್ದೆಯ 9ನೇ ಕಲಂ ಬೇಟಿ ನಿಷೇಧ ಮಾಡ್ಯದ. ನಿಂತ ಬೆಳಿ ಹಾಳು ಮಾಡೋ ಹಂದಿ ಬಗ್ಗೆ 11ನೇ ಕಲಮಿನ ಕೆಳಗ ಮುಖ್ಯ ವನ್ಯಜೀವಿ ಪರಿಪಾಲಕರು, ಇಲ್ಲಾ ಅವ್ರು ಅಧಿಕಾರ ಕೊಟ್ಟ ಅಧಿಕಾರಿ, ಬರವಣಿಗ್ಯಾಗ ಅಪ್ಪಣಿ ಕೊಡಬೇಕು. ಚಿಗರಿ (ಕೃಷ್ಣಮೃಗ) ಆ ಕಾಯ್ದೆಯ ಮೊದಲನೇ ಅನುಸೂಚಿಯ ಪ್ರಾಣಿ. ಬೆಳಿ ತಿಂತದ ಅಂತ ಅದಕ್ಕ ಅಪ್ಪಣಿ ಸಿಗಂಗಿಲ್ಲ. ಟಾರ್ಚಿನ ಬೆಳಕಿನಾಗ ಎರಡು ಕಣ್ಣಷ್ಟೇ ಹೊಳಿತಾವ, ಅದು ಹಂದಿಯೋ ಚಿಗರಿಯೋ ಕಟ್ಟಿದ ದನವೋ ಗೊತ್ತಾಗಂಗಿಲ್ಲ.

ನಿಮ್ಮ ಊರು ಚಿಂಚೋಳಿ ವನ್ಯಜೀವಿ ಧಾಮದ 10 ಕಿಲೋಮೀಟರ್ ಒಳಗ ಬರ್ತದೇನು ಅಂತ ಮೊದಲು ನೋಡಿಕೊಳ್ರಿ. ಅದೇ ಕಾಯ್ದೆಯ 34ನೇ ಕಲಂ ಪ್ರಕಾರ ಆ ಗಡಿ ಒಳಗಿನ ಬಂದೂಕುದಾರರು ಅರಣ್ಯ ಇಲಾಖೆ ಕಡಿ ಹೆಸರು ನೋಂದಾಯಿಸಬೇಕು, ಹೊಸ ಲೈಸನ್ಸಿಗೆ ಮುಖ್ಯ ವನ್ಯಜೀವಿ ಪರಿಪಾಲಕರ ಒಪ್ಪಿಗಿ ಬೇಕು. ಇದನ್ನ ಬಿಟ್ಟು ಅಂಗಡಿಗೆ ಮುಂಗಡ ಕೊಟ್ರ ರೊಕ್ಕ ಅಲ್ಲೇ ಸಿಕ್ಕೊಂಡು ಬಿಡ್ತದ.

ಕಾನೂನಿಗಿಂತ ನನಗ ಹೆಚ್ಚಿನ ಚಿಂತಿ ನೆಲದ್ದು. ನಮ್ಮ ಎರಿ ಹೊಲ ಚಾಪಿ ಹಾಸಿದಂಗ ಸಪಾಟ. ಈ ಜಾತಿ ರೈಫಲ್ ಗುಂಡು ತಡಿ ಇಲ್ಲದಿದ್ರ ಮೂರು ಕಿಲೋಮೀಟರ್ ದಾಟಿ ಹೋಗಬಹುದು. .375ರ ಗುಂಡು ಹಂದಿ ಮೈ ತೂರಿ ಆಚಿ ಕಡಿ ಬಂದ ಮ್ಯಾಲೂ ಮನಶ್ಯಾನ್ನ ಕೊಲ್ಲೋವಷ್ಟು ಜೋರು ಉಳಿಸಿಕೊಂಡಿರ್ತದ. ಕಾಯಿ ಕಟ್ಟೋ ಹೊತ್ತಿಗೆ ತೊಗರಿ ಆಳೆತ್ತರ ಆಗಿರ್ತದ. ಪಕ್ಕದ ಹೊಲದಾಗ ಮಂಚಿಗಿ ಮ್ಯಾಲ ಯಾರೋ ಕಾವಲಿಗೆ ಮಲಗಿರ್ತಾರ, ಅದರಾಚಿ ಕುರಿ ಹಿಂಡು ತರುಬಿದವ್ರು ಕಂಬಳಿ ಹೊದ್ದು ಕುಂತಿರ್ತಾರ. ಗುಂಡಿನ ಹಿಂದ ಮಣ್ಣಿನ ದಿಬ್ಬ ಇರಬೇಕು ಅನ್ನೋದು ರೈಫಲಿನ ಮೊದಲ ನಿಯಮ, ನಮ್ಮ ಹೊಲದಾಗ ಆ ದಿಬ್ಬನೇ ಇಲ್ಲ. ಬದುವಿಗೆ ಶಹಾಬಾದ್ ಕಲ್ಲು ನಿಲ್ಲಿಸಿದ್ರ, ಬೀದರ್ ಕಡಿ ಕೆಂಪು ಮುರುಮ್ ಕಲ್ಲಿದ್ರ, ಗುಂಡು ಅದಕ್ಕ ಬಡದು ಯಾವ ದಿಕ್ಕಿಗೆ ಹಾರ್ತದ ಹೇಳಲಿಕ್ಕ ಬರಂಗಿಲ್ಲ. ಹಂದಿಗೆ ಸೋಲಾರ್ ಬೇಲಿ ಹಾಕ್ರಿ, ಕೆಳಗಿನ ತಂತಿ ನೆಲದಿಂದ 20-25 ಸೆಂಟಿಮೀಟರ್ ಮ್ಯಾಲಿರಲಿ, ಹುಲ್ಲು ತಾಗದಂಗ ಕಸ ಕೀಳ್ತಿರ್ರಿ. ಕಂಬದ ಕರೆಂಟ್ ನೇರ ತಂತಿಗೆ ಕೊಡಬ್ಯಾಡ್ರಿ, ಅದು ಕೊಲಿ ಕೇಸು.

ಇನ್ನ ರೈಫಲ್ಲೇ ಬೇಕು, ರೇಂಜಿನಾಗ (ಗುರಿ ಹೊಡಿಯೋ ಮೈದಾನದಾಗ) ಹೊಡಿಯೋದು, ತಂದೆಯವರ ಲೈಸನ್ಸ್ ಖಾಲಿ ಬಿಡಬಾರದು ಅನ್ನೋದಾದ್ರ ಆವಾಗ ಆರಿಸೋ ಮಾತು ಬರ್ತದ. ಇಲ್ಲಿ ಒಂದೇ ಸೂತ್ರ: ಮೊದಲು ಕಾರ್ತೂಸ್ ಆರಿಸ್ರಿ, ಆಮ್ಯಾಲ ರೈಫಲ್. ಖಾಸಗಿಯವ್ರು ಹೊರದೇಶದಿಂದ ಬಂದೂಕು ತರಿಸೋದು 1980ರ ದಶಕದಾಗೇ ನಿಂತದ. ಅದಕ್ಕ ನಮ್ಮಲ್ಲಿ ಓಡಾಡೋ ದೊಡ್ಡ ಬೋರಿನ ರೈಫಲ್ ಬಹುತೇಕ ಅಜ್ಜಂದಿರ ಕಾಲದವು. ರೈಫಲ್ ಸಿಗ್ತದ, ಅದರ ಹೊಟ್ಟಿಗೆ ಹಾಕೋ ಕಾರ್ತೂಸ್ ಸಿಗಂಗಿಲ್ಲ. ಅಂಗಡಿಯವ್ರಿಗೆ "ಇವತ್ತು ನಿಮ್ಮ ಕಡಿ ಇದರ ಕಾರ್ತೂಸ್ ಎಷ್ಟವ, ಯಾವ ವರ್ಷದ್ದು, ಡಬ್ಬಿ ತೋರಸ್ರಿ" ಅಂತ ಕೇಳ್ರಿ. ತೋರಸಲಿಲ್ಲ ಅಂದ್ರ ಎದ್ದು ಬರ್ರಿ.

.315 ಅಂದ್ರ 8 ಮಿಲಿಮೀಟರ್ ಗುಂಡು, 244 ಗ್ರೇನ್ (ಸುಮಾರು 16 ಗ್ರಾಂ) ತೂಕ, ಮೂತಿ ಬಿಡುವಾಗ ಸೆಕೆಂಡಿಗೆ 600 ಮೀಟರ್ ಆಸುಪಾಸು ವೇಗ, ಸುಮಾರು 2,900 ಜೂಲ್ ಶಕ್ತಿ. .303 ಸೈನ್ಯದ ಬೋರ್, ಸಾಮಾನ್ಯರಿಗೆ ನಿಷೇಧ. ಆ ಜಾಗಕ್ಕ ಬಂದದ್ದು ಇದು. ರೈಫಲೂ ಕಾರ್ತೂಸೂ ಎರಡೂ ಸರ್ಕಾರಿ ಕಾರ್ಖಾನಿಯವು, ಅದೇ ಇದರ ದೊಡ್ಡ ಗುಣ. ನಿಧಾನದ ಗುಂಡು: 100 ಮೀಟರಿಗೆ ಗುರಿ ಕಟ್ಟಿದ್ರ 200 ಮೀಟರಿಗೆ ಸುಮಾರು ಒಂದೂವರಿ ಗೇಣು ಕೆಳಗ ಬೀಳ್ತದ. ಇನ್ನೊಂದು ಆಯ್ಕಿ ಥರ್ಟಿ ಆಟ್ ಸಿಕ್ಸ್ (.30-06), 1906ರ ಕಾರ್ತೂಸ್, 180 ಗ್ರೇನ್ ಗುಂಡು 820 ಮೀಟರ್ ವೇಗದಾಗ, 3,900 ಜೂಲ್ ಸುತ್ತಮುತ್ತ. ಕಾಗದದ ಗುರಿಗೆ ಇದು ಭಾಳ ಚಲೋ. .375 ಹಾಲೆಂಡ್ ಅಂಡ್ ಹಾಲೆಂಡ್ 1912ರದ್ದು, 300 ಗ್ರೇನ್, 770 ಮೀಟರ್, 5,700 ಜೂಲಿನ ಮ್ಯಾಲ. ಆಫ್ರಿಕಾದ ಕಾಡುಕೋಣ, ಆನಿ ಸಲುವಾಗಿ ಹೆಸರಾದದ್ದು. ಭುಜಕ್ಕ ಬಡಿಯೋ ಪೆಟ್ಟು ಥರ್ಟಿ ಆಟ್ ಸಿಕ್ಸಿನ ಹೆಚ್ಚುಕಮ್ಮಿ ಎರಡರಷ್ಟು. ಹತ್ತು ಗುಂಡು ಆಗೋದ್ರಾಗ ಕಣ್ಣು ಮುಚ್ಚೋದು, ಟ್ರಿಗರ್ ಜಗ್ಗೋದು ಶುರು ಆಗ್ತದ. ಒಮ್ಮೆ ಆ ಅಂಜಿಕಿ ಕೈಗೆ ಹತ್ತಿದ್ರ ಬಿಡಸಲಿಕ್ಕ ತಿಂಗಳು ಬೇಕು. ರೇಂಜಿನವ್ರು ಅಷ್ಟು ದೊಡ್ಡ ಬೋರಿಗೆ ಒಪ್ತಾರೇನು ಅದನ್ನೂ ಮೊದಲೇ ಕೇಳ್ರಿ.

.423 ವಿಷಯದಾಗ ಹುಷಾರ್ ಇರ್ರಿ, ಇಲ್ಲಿ ಕೈ ಕಣ್ಣು ಕಳಕೊಳ್ಳೋ ಅಪಾಯ ಅದ. .423 ಅನ್ನೋದು ಗುಂಡಿನ ದಪ್ಪ ಅಷ್ಟೇ. ಅದೇ ದಪ್ಪದ ಗುಂಡು ಇರೋ ಎರಡು ಬ್ಯಾರೆ ಬ್ಯಾರೆ ಕಾರ್ತೂಸ್ ಅವ: 10.75×68 ಮೌಸರ್ ಒಂದು, .404 ಜೆಫ್ರಿ ಇನ್ನೊಂದು. ಮೊದಲನೇದರ ಹಿತ್ತಾಳಿ ಖೋಳಿ 68 ಮಿಲಿಮೀಟರ್, ಎರಡನೇದು 73. ಬುಡದ ಅಗಲ ಒಂದರದ್ದು ಸುಮಾರು 12.5, ಇನ್ನೊಂದರದ್ದು 13.8. ಹಳೇ ಲೈಸನ್ಸ್ ಪುಸ್ತಕದಾಗ ಎರಡಕ್ಕೂ ".423 ರೈಫಲ್" ಅಂತ ಒಂದೇ ಮಾತು ಬರದಿರ್ತಾರ. ಸಣ್ಣದು ದೊಡ್ಡ ಛೇಂಬರಿನಾಗ (ನಳಿಕಿ ಬುಡದಾಗ ಕಾರ್ತೂಸ್ ಕೂಡೋ ಗೂಡಿನಾಗ) ಹೋದ್ರ ಖೋಳಿಗೆ ಸುತ್ತ ಆಸರಿ ಇರಂಗಿಲ್ಲ, ಹರಿದು ಬಿಸಿ ಗಾಳಿ ಬೋಲ್ಟಿನ ಕಡಿ ಹೊಡಿತದ. ನಳಿಕಿ ಮ್ಯಾಲಿನ ಮುದ್ರಿ ಓದ್ರಿ. ಅಷ್ಟಕ್ಕೇ ಬಿಡಬ್ಯಾಡ್ರಿ, ಬಂದೂಕು ಮಿಸ್ತ್ರಿ ಕಡಿಂದ ಛೇಂಬರಿನ ಅಚ್ಚು ತೆಗಿಸಿ ವರ್ನಿಯರ್ (ಸೂಕ್ಷ್ಮ ಅಳತಿ ಸಲಕರಣಿ) ಹಿಡಿಸ್ರಿ.

.375ದಾಗೂ ಹಿಂಗೇ ಒಂದು ಕೊಂಡಿ ಅದ. ಈ ಕಾರ್ತೂಸಿನ ಪೂರಾ ಉದ್ದ 91 ಮಿಲಿಮೀಟರ್, ಥರ್ಟಿ ಆಟ್ ಸಿಕ್ಸಿಂದು 85. ಅಸಲಿಗೆ ಇದಕ್ಕ ಉದ್ದನೇ ಮ್ಯಾಗ್ನಂ ಆಕ್ಷನ್ (ಬೋಲ್ಟ್ ಓಡಾಡೋ ಉಕ್ಕಿನ ಚೌಕಟ್ಟು) ಬೇಕು. ಆದ್ರ ಸಾದಾ ಮೌಸರ್ 98 (ಹಳೇ ಜರ್ಮನ್ ಮಾದರಿ) ಆಕ್ಷನ್ನಿಗೆ .375 ನಳಿಕಿ ಕೂಡಿಸಿದ ರೈಫಲೂ ಮಂದಿ ಮನ್ಯಾಗ ಅವ. ಉದ್ದದ ಕಾರ್ತೂಸ್ ಹೊಂದಸಲಿಕ್ಕ ಅವ್ರು ಮ್ಯಾಗಜೀನ್ ಮುಂದಿನ ಇಳಿಜಾರಿನ ಉಕ್ಕು ಅರದಿರ್ತಾರ. ಆ ಉಕ್ಕೇ ಬೋಲ್ಟಿನ ಕೆಳಗಿನ ಕಿವಿಗೆ, ಅಂದ್ರ ಬೋಲ್ಟ್ ಬೀಗ ಹಾಕೋ ಚಾಚಿಗೆ, ಆಧಾರ. ಬೋಲ್ಟ್ ತಗದು, ಟಾರ್ಚ್ ಹಾಕಿ ಅಲ್ಲಿ ನೋಡ್ರಿ: ಕಿವಿ ಕೂಡೋ ಜಾಗ ತೆಳ್ಳಗಾಗಿದ್ರ, ಒರಟು ಅರದ ಗುರುತು ಇದ್ರ, ಬಿಟ್ಟುಬಿಡ್ರಿ, ಎಷ್ಟೇ ಸೋವಿ ಇರಲಿ.

ರೈಫಲ್ ಕೈಗೆ ಕೊಟ್ಟ ಕೂಡ್ಲೇ ಬೋಲ್ಟ್ ತಗದು, ಮ್ಯಾಗಜೀನ್ ನೋಡಿ, ಛೇಂಬರಿನಾಗ ಕಿರುಬೆರಳು ಹಾಕಿ ಖಾಲಿ ಅಂತ ಖಾತ್ರಿ ಮಾಡ್ಕೊಳ್ರಿ. ಅಂಗಡಿಯವ್ರು ನೋಡಿದ್ರೂ ನೀವು ನೋಡ್ರಿ. ಆಮ್ಯಾಲ ಒಣ ಬಟ್ಟಿ ಒಮ್ಮೆ ನಳಿಕಿ ಒಳಗ ಎಳದು ಎಣ್ಣಿ ತೆಗೀರಿ. ಎಣ್ಣಿ ತುಂಬಿದ ನಳಿಕಿ ಎಂಥಾದ್ದೂ ಹೊಳಿತದ, ಅದಕ್ಕೇ ಕೆಲವ್ರು ದಪ್ಪಗ ಬಳದು ಇಟ್ಟಿರ್ತಾರ. ಬೋಲ್ಟಿನ ಕಡಿ ಬಿಳಿ ಕಾಗದ ಹಿಡದು ಮೂತಿಯಿಂದ ನೋಡ್ರಿ. ಗೆರಿ ಅಂಚು ಚೂಪಿರಬೇಕು. ಒಳಗ ಎಲ್ಲರ ಒಂದು ಕಡಿ ಬಳಿಯಂಗ ಕರೇ ನೆರಳು ಸುತ್ತ ಕಂಡ್ರ ಅಲ್ಲಿ ನಳಿಕಿ ಉಬ್ಬ್ಯದ ಅಂತ ಅರ್ಥ. ಯಾವಾಗೋ ಮಣ್ಣೋ ಬಟ್ಟಿಯೋ ಸಿಕ್ಕಿದ್ದಾಗ ಗುಂಡು ಹಾರಸ್ಯಾರ. ಹೊರಗ ಬೆರಳು ಜಾರಸಿದ್ರೂ ಆ ಉಬ್ಬು ಕೈಗೆ ಹತ್ತಬಹುದು. ಛೇಂಬರಿನ ಮುಂದಿನ ಮೂರ್ನಾಲ್ಕು ಇಂಚಿನಾಗ ಸಿಡುಬಿನಂಥ ತೂತು ಇದ್ರ ಅದು ಹಳೇ ಉಪ್ಪಿನ ಕ್ಯಾಪಿನ (ಸಿಡದ ಮ್ಯಾಲ ತುಕ್ಕು ಹಿಡಸೋ ಉಪ್ಪು ಉಳಸೋ) ಕಾರ್ತೂಸ್ ಹೊಡದು ತೊಳೀದೇ ಇಟ್ಟದ್ದು.

ಮೂತಿ ಅಂಚಿಗೆ ಕಿವಿ ಹತ್ತಿ ಕಡ್ಡಿ ಸುತ್ತ ತಿರಗಸ್ರಿ. ಎಲ್ಲಿ ಎಳಿ ಸಿಕ್ಕಿ ಹಿಡಿತದ ಅಲ್ಲಿ ಅಂಚು ಬಡದದ ಅಂತ ತಿಳೀರಿ. ಗುಂಡು ಕಡೇಕ ಮುಟ್ಟಿ ಬಿಡೋದೇ ಆ ಅಂಚು, ಅದಕ್ಕ ಸಣ್ಣ ಪೆಟ್ಟಾದ್ರೂ ಗುರಿ ಚದರ್ತದ. ಇದೊಂದು ದುರಸ್ತಿ ಆಗ್ತದ, ಇದಕ್ಕಂತ ರೈಫಲ್ ಬಿಡಬ್ಯಾಡ್ರಿ, ದರ ಇಳಸ್ರಿ.

ಬೋಲ್ಟಿನ ನಂಬರೂ ಆಕ್ಷನ್ನಿನ ನಂಬರೂ ಒಂದೇ ಇರಲಿ. ಸರ್ಕಾರಿ .315 ಲೀ-ಎನ್‌ಫೀಲ್ಡ್ ಮಾದರಿ: ಬೋಲ್ಟಿನ ಬೀಗ ಹಿಂದ, ಬೋಲ್ಟಿನ ತಲಿ ಬ್ಯಾರೆ ತುಣುಕು, ತಿರುವಿ ಬಿಚ್ಚಬಹುದು. ಯಾರೋ ಬ್ಯಾರೆ ರೈಫಲಿನ ತಲಿ ಹಾಕಿದ್ರ ಕಾರ್ತೂಸಿನ ಬುಡದ ಹಿಂದ ಸಂದು ಹೆಚ್ಚಾಗ್ತದ. ಮೌಸರಿನಾಗ ಬೀಗದ ಕಿವಿ ಮುಂದ ಇರ್ತಾವ, ಸಂದು ಹೆಚ್ಚಾಗಿದ್ರ ಸರಳ ದುರಸ್ತಿ ಇಲ್ಲ. ಸಂದು ಅಳಿಯೋ ಗೇಜ್ ಮಿಸ್ತ್ರಿ ಕಡಿ ಇರ್ತದ. ಅದಿಲ್ಲದಿದ್ರ ಅದೇ ರೈಫಲಿನಾಗ ಹೊಡದ ಖಾಲಿ ಖೋಳಿ ಕೇಳ್ರಿ: ಬುಡದಿಂದ ಸುಮಾರು ಒಂದು ಸೆಂಟಿಮೀಟರ್ ಮ್ಯಾಲ ಹೊಳಿಯೋ ಪಟ್ಟಿ ಸುತ್ತಿದ್ರ, ಅಲ್ಲಿ ಹಿತ್ತಾಳಿ ಹಿಗ್ಗಿ ತೆಳ್ಳಗಾಗ್ಯದ, ಮುಂದಿನದು ಅಲ್ಲೇ ತುಂಡಾಗಬಹುದು.

ಸೇಫ್ಟಿ ಪರೀಕ್ಷಾ ಖಾಲಿ ರೈಫಲಿನ ಮ್ಯಾಲೇ, ಮೂತಿ ನೆಲದ ಕಡಿ. ಬೋಲ್ಟ್ ಮುಚ್ಚಿ ಸೇಫ್ಟಿ ಹಾಕಿ ಟ್ರಿಗರ್ ಜೋರಾಗಿ ಒತ್ರಿ, ಬಿಡ್ರಿ, ಆಮ್ಯಾಲ ಸೇಫ್ಟಿ ತೆಗೀರಿ. ತಗದ ಕೂಡ್ಲೇ "ಟಕ್" ಅಂತ ಪಿನ್ ಬಿದ್ರ ಆ ಟ್ರಿಗರ್ ಯಾರೋ ಅರದು ಹಗುರ ಮಾಡ್ಯಾರ. ಬೋಲ್ಟ್ ಜೋರಾಗಿ ಬಡದು ಮುಚ್ಚಿದಾಗ ಬಿದ್ರೂ ಅಷ್ಟೇ.

ಕಟ್ಟಿಗಿ ಭಾಗ ಬಿಚ್ಚಿಸಿ ನೋಡ್ದೇ .375 ತಗೋಬ್ಯಾಡ್ರಿ. ಪೆಟ್ಟು ತಡಿಯೋ ಉಕ್ಕಿನ ಗೂಟದ ಹಿಂದ, ಮತ್ತ ಹಿಡಿ ಹತ್ತಿರ ಆಕ್ಷನ್ನಿನ ಬಾಲ ಕೂಡೋ ಜಾಗದಾಗ, ಕೂದಲೆಳಿ ಸೀಳು ಇರ್ತದ; ಹೊರಗಿಂದ ಪಾಲಿಶ್ ಮುಚ್ಚಿರ್ತದ. ಚಲೋ ಮಾಡಿದ .375ಕ್ಕ ಅಡ್ಡ ಬೋಲ್ಟ್ ಹಾಕಿರ್ತಾರ. ನಳಿಕಿಯ ಕೆಳಮೈ, ಕಟ್ಟಿಗಿ ಒಳಗ ಮುಚ್ಚಿದ ಭಾಗ, ತುಕ್ಕು ಕೂಡೋದು ಅಲ್ಲೇ.

ಅಂಗಡಿ ಬಿಟ್ಟು ಬೀದರಿನಾಗೋ ಯಾದಗಿರಿನಾಗೋ ಖಾಸಗಿಯವ್ರ ಕಡಿಂದ ತಗೋತೀರಿ ಅಂದ್ರ, ಮಾರೋರು ಜಿಲ್ಲಾಧಿಕಾರಿಗೋ ಹತ್ತಿರದ ಠಾಣಿಗೋ ನಿಮ್ಮ ಹೆಸರು ವಿಳಾಸ ಸಮೇತ ಬರದು ತಿಳಸಿ 45 ದಿನ ಆಗೋವರೆಗೂ ರೈಫಲ್ ಕೈ ಬದಲಾಗಬಾರದು. 2019ರ ತಿದ್ದುಪಡಿ ಆದ ಮ್ಯಾಲ ಒಬ್ಬರ ಹೆಸರಿಗೆ ಎರಡೇ ಬಂದೂಕು.

ತಂದ ಮ್ಯಾಲಿನ ಮಾತು ಎರಡೇ. ಬ್ಯಾಸಗಿಗೆ ನಮ್ಮ ಕಡಿ 42-43 ಡಿಗ್ರಿ, ಮುಚ್ಚಿದ ಕಾರಿನಾಗ ಅದಕ್ಕೂ ಮ್ಯಾಲ. ಬಿಸಿ ಆದ ಕಾರ್ತೂಸ್ ಹೆಚ್ಚು ಒತ್ತಡ ಕೊಡ್ತದ, ಹಳೇ ಕಾರ್ಡೈಟ್ ಮದ್ದಿನವಂತೂ ಇನ್ನೂ ಹೆಚ್ಚು. ಮನಿ ಒಳಗ ತಂಪು ಜಾಗದಾಗ, ರೈಫಲಿನಿಂದ ದೂರ, ಬ್ಯಾರೆ ಕೀಲಿ ಒಳಗ ಇಡ್ರಿ. ಚುನಾವಣಿ ಬಂದಾಗ ಠಾಣಿಗೆ ಜಮಾ ಮಾಡಬೇಕಾಗಬಹುದು, ಮಳಿಗಾಲದಾಗ ವಾರಗಟ್ಟಲೆ ಅಲ್ಲೇ ಗ್ವಾಡಿಗೆ ನಿಂತಿರ್ತದ. ಒಳಗ ಹೊರಗ ಎಣ್ಣಿ ಬಳದು, ನಂಬರ್ ಬರದ ರಸೀದಿ ತಗೊಂಡು ಬರ್ರಿ. ತಿರುಗಿ ತಂದಾಗ ಒಣ ಬಟ್ಟಿ ಎಳೀದೇ ಒಂದು ಗುಂಡೂ ಹಾರಸಬ್ಯಾಡ್ರಿ.

ನನ್ನನ್ನ ಒಂದೇ ಹೆಸರು ಹೇಳು ಅಂದ್ರ: ಹೊಸ .315. ರೇಂಜಿನಾಗ ದೂರದ ಗುರಿಗೆ ಮನಸಿದ್ರ, ಲೈಸನ್ಸಿನಾಗ ಆ ಬೋರ್ ಬರಸಲಿಕ್ಕ ಆದ್ರ, ಥರ್ಟಿ ಆಟ್ ಸಿಕ್ಸ್. ಆ .423ರ ನಳಿಕಿ ಮ್ಯಾಲಿನ ಮುದ್ರಿ ಫೋಟೋ ಇಲ್ಲಿ ಹಾಕ್ರಿ, ರೈಫಲ್ ನಂಬರಿನ ಮ್ಯಾಲ ಬೆರಳಿಟ್ಟು ಮುಚ್ಚಿ. ಎರಡರಾಗ ಯಾವುದು ಅಂತ ಹೇಳ್ತೀನಿ.