ಬೆಂಡೆ ಬಿತ್ತುವ ಮುಂಚೆ ಬಾಣಲೆಯನ್ನು ಕೇಳಿ

ಪ್ರಶ್ನೆ: ಮಹಡಿ ಮೇಲೆ ನಾಲ್ಕು ಕುಂಡಗಳಿವೆ. ಬೆಂಡೆ ಹಾಕುವ ಆಸೆ. ಬೀಜದ ಪಟ್ಟಿ ನೋಡಿದರೆ ಹಸಿರು, ಕೆಂಪು, ಕುಳ್ಳು, ಉದ್ದ, ಏಣು ಇರುವುದು, ಇಲ್ಲದ್ದು... ತಲೆ ತಿರುಗಿತು. ನಾಲ್ಕು ಕುಂಡಕ್ಕೆ ನಾಲ್ಕು ತಳಿ ಹಾಕಿ ನೋಡಲೇ?

ಉತ್ತರ: ಬೇಡ. ನಾನು ಮೊದಲ ವರ್ಷ ಮಾಡಿದ್ದೇ ಅದು. ಒಂದು ಬೆಂಡೆ ಗಿಡ ಒಂದು ದಿನಕ್ಕೆ ಹೆಚ್ಚೆಂದರೆ ಒಂದು ಹೂ ಬಿಡುತ್ತದೆ. ಅದೂ ಬೆಳಿಗ್ಗೆ ಅರಳಿ ಸಂಜೆಗೆ ಬಾಡುತ್ತದೆ. ಹಾಗಾಗಿ ನನಗೆ ಸಿಗುತ್ತಿದ್ದದ್ದು ಒಂದು ದಪ್ಪ ಕಾಯಿ, ಒಂದು ಸಪೂರ, ಒಂದು ಕೆಂಪು. ಬಾಣಲೆಗೆ ಹಾಕಿದರೆ ಸಪೂರದ್ದು ಕರಟುವ ಹೊತ್ತಿಗೆ ದಪ್ಪದ್ದು ಇನ್ನೂ ಹಸಿ! ಒಂದೇ ತಳಿ ಹಾಕಿ, ಕುಂಡಕ್ಕೆ ಎರಡು ಗಿಡ. ಎರಡು ದಿನದ ಕಾಯಿ ಸೇರಿಸಿದರೆ ಒಂದು ಹೊತ್ತಿಗೆ ಆದೀತು.

ಯಾವ ತಳಿ ಅನ್ನುವುದನ್ನು ಅಡುಗೆಮನೆ ಹೇಳಬೇಕು. ಹುರಿಯುವುದು ಜಾಸ್ತಿಯಾದರೆ ಸಪೂರ ಕಾಯಿಯದ್ದು ನೋಡಿ. ಕ್ಲೆಮ್ಸನ್ ಸ್ಪೈನ್‌ಲೆಸ್ ನನಗೆ ಒಗ್ಗಿದ ತಳಿ. 1939ರಲ್ಲೇ ಅಮೆರಿಕದಲ್ಲಿ ತಳಿಗಳಿಗೆ ಕೊಡುವ ಪ್ರಶಸ್ತಿ ಗೆದ್ದದ್ದು, ಇಂದಿಗೂ ಬಿತ್ತುತ್ತಾರೆ. ಗಿಡ ನಾಲ್ಕೈದು ಅಡಿ ಏರುತ್ತದೆ, ಗಾಳಿಗೆ ಕೋಲು ಕೊಡಿ. ರಸದಲ್ಲಿ ಬೇಯಿಸುವವರಿಗೆ ಸ್ಟಾರ್ ಆಫ್ ಡೇವಿಡ್‌ನಂಥ ಗಿಡ್ಡ, ದಪ್ಪ ಕಾಯಿ ಚೆನ್ನ. ಅದರ ಲೋಳೆಯೇ ರಸವನ್ನು ಮಂದ ಮಾಡುತ್ತದೆ. ಲೋಳೆ ಆಗದವರು ತೊಳೆದ ಕಾಯನ್ನು ಪೂರ್ತಿ ಒರೆಸಿ ಹೆಚ್ಚಲಿ, ಬೇಯುವಾಗ ಏನಾದರೂ ಹುಳಿ ಹಾಕಲಿ.

ನಿಜ ಹೇಳಬೇಕೆಂದರೆ ತಳಿಗಿಂತ ಕೊಯ್ಯುವ ದಿನವೇ ದೊಡ್ಡದು. ಹೂ ಬಾಡಿ ನಾಲ್ಕೈದು ದಿನಕ್ಕೆ ಕಾಯಿ ಎಳೆಯದಾಗಿ ಸಿಗುತ್ತದೆ. ಇನ್ನೆರಡು ದಿನ ಮರೆತರೆ ಎಂಥ ಪ್ರಶಸ್ತಿಯ ತಳಿಯಾದರೂ ನಾರೇ. ತುದಿ ಬಗ್ಗಿಸಿ ನೋಡಿ, ಪಟ್ ಅಂತ ಮುರಿಯಬೇಕು. ಬಲಿತದ್ದನ್ನು ಗಿಡದಲ್ಲಿ ಬಿಡಬೇಡಿ, ಬೀಜ ಕಟ್ಟುವ ಕೆಲಸಕ್ಕೆ ಬಿದ್ದ ಗಿಡ ಹೊಸ ಕಾಯಿ ಬಿಡಲು ಸೋಮಾರಿಯಾಗುತ್ತದೆ. 'ಸ್ಪೈನ್‌ಲೆಸ್' ಅಂದರೆ 'ಮುಳ್ಳಿಲ್ಲ', ಆ ಹೆಸರನ್ನು ನಂಬಿ ಬರಿಗೈಯಲ್ಲಿ ಕೊಯ್ಯಲೂ ಬೇಡಿ. ಅದು ಕಾಯಿಯ ಮಾತು, ಎಲೆಯ ಸುಂಕು ತುರಿಸುತ್ತದೆ.

ಪ್ರಶ್ನೆ: ಕೆಂಪು ಬೆಂಡೆ ಬೆಳೆದೆ. ಬೇಯಿಸಿದರೆ ಹಸಿರಾಯಿತು! ಮೋಸದ ಬೀಜವೇ?

ಉತ್ತರ: ಬೀಜ ಸರಿಯಾಗಿಯೇ ಇದೆ. ಕೆಂಪು ಕೊಡುವ ಆಂಥೋಸಯಾನಿನ್ ಇರುವುದು ಸಿಪ್ಪೆಯಲ್ಲಿ. ಬಿಸಿನೀರಿಗೆ ಅದು ಕರಗಿಹೋಗುತ್ತದೆ, ಕೆಳಗಿದ್ದ ಹಸಿರು ಕಾಣುತ್ತದೆ. ಬರ್ಗಂಡಿ ತಳಿಯೂ ಹೀಗೇ. ಎಳೆಯದನ್ನು ತೆಳ್ಳಗೆ ಬಿಲ್ಲೆ ಮಾಡಿ ಹಸಿಯಾಗಿ ತಿಂದರೆ ಬಣ್ಣ ಉಳಿಯುತ್ತದೆ. ಬೇಯಿಸಿಯೇ ತಿನ್ನುವವರು ಬಣ್ಣಕ್ಕೆಂದು ಕೆಂಪನ್ನು ಆರಿಸುವುದು ಸುಮ್ನೆ. ಆದರೆ ಕೊಯ್ಯಲು ಸುಲಭ, ಹಸಿರೆಲೆ ನಡುವೆ ಕಾಯಿ ಅಡಗಿ ಕೂರುವುದಿಲ್ಲ. ನನ್ನಂಥ ಕನ್ನಡಕದವರಿಗೆ ಅದೇನು ಕಡಿಮೆ ಉಪಕಾರವೇ?

ಪ್ರಶ್ನೆ: ಎಲೆಯ ನರಗಳೆಲ್ಲ ಹಳದಿ ಬಲೆಯಂತಾಗಿವೆ, ಕಾಯಿಯೂ ಬಿಳಿಚಿಕೊಂಡಿದೆ. ಗೊಬ್ಬರ ಸಾಲದೇ?

ಉತ್ತರ: ಗೊಬ್ಬರದ ಕೊರತೆಯಲ್ಲ, ಹಳದಿ ನಂಜು ರೋಗ. ವೈರಸ್ಸು ಬಿಳಿನೊಣದಿಂದ ಹರಡುತ್ತದೆ, ಬಂದ ಗಿಡಕ್ಕೆ ಮದ್ದಿಲ್ಲ. ಮುಂದಿನ ಸಲ ರೋಗ ತಡೆಯುವ ತಳಿಯನ್ನೇ ಕೇಳಿ ತನ್ನಿ. ಅರ್ಕಾ ಅನಾಮಿಕಾ ಎಂಬ ತಳಿಗೆ ಆ ಗುಣ ಬಂದದ್ದು ಬೆಂಡೆಯ ಕಾಡು ನೆಂಟನಿಂದ. ಹಾಗಂತ ಅದು ಶಾಶ್ವತವಲ್ಲ. ಪೂಸಾ ಸಾವನಿ ಎಂಬ ಹಳೆಯ ತಳಿ ಹೊಸದರಲ್ಲಿ ರೋಗಕ್ಕೆ ಬಗ್ಗಿರಲಿಲ್ಲ, ಆಮೇಲೆ ಸೋತಿತು. ಸದ್ಯಕ್ಕೆ ಆ ಗಿಡವನ್ನು ಇವತ್ತೇ ಕಿತ್ತುಬಿಡಿ. ಹೂ ಬಿಟ್ಟಿದೆಯಲ್ಲಾ ಅಂತ ನಾನೊಮ್ಮೆ ಒಂದನ್ನು ಉಳಿಸಿಕೊಂಡೆ. ಎರಡೇ ವಾರಕ್ಕೆ ಪಕ್ಕದ ಐದೂ ಹಳದಿಯಾದವು.